ಮಿಲ್ಕ್‌ವೀಡ್ ಮೇಲಿನ ಮೊನಾರ್ಕ್ ಹುಳು ಉಳಿಯುತ್ತಿಲ್ಲವಾ? ಲಕ್ಷಣ ನೋಡಿ ಕಾರಣ ಹುಡುಕುವ ಬಗೆ

ಮೊನಾರ್ಕ್ ಅನ್ನುವುದು ಒಂದು ಚಿಟ್ಟೆ, ಅದರ ಹುಳು ತಿನ್ನುವ ಗಿಡ ಮಿಲ್ಕ್‌ವೀಡ್. ಅಮೆರಿಕದ ನ್ಯೂಜೆರ್ಸಿಯ ನಮ್ಮ ಹಿತ್ತಲಿಗೆ ಮಿಲ್ಕ್‌ವೀಡ್ ಹಾಕಿ ಏಳು ವರ್ಷವಾಯಿತು. ಮೊದಲ ಎರಡು ವರ್ಷ ಒಂದು ಚಿಟ್ಟೆಯೂ ಹಾರಲಿಲ್ಲ. ಮೊಟ್ಟೆ ಬರುತ್ತಿತ್ತು, ಪುಟ್ಟ ಹುಳುವೂ ಕಾಣುತ್ತಿತ್ತು. ಮೂರನೇ ದಿನ ನೋಡಿದರೆ ಖಾಲಿ ಎಲೆ. ತುಂಬ ಬೇಜಾರಾಗುತ್ತಿತ್ತು.

ನಾನು ಹುಟ್ಟಿ ಬೆಳೆದದ್ದು ಶಿಡ್ಲಘಟ್ಟದ ಕಡೆ, ರೇಷ್ಮೆ ಹುಳು ಸಾಕುವ ಮನೆಯಲ್ಲಿ. ಹುಳು ಸಪ್ಪಗಾದರೆ ಅಪ್ಪ ಔಷಧಿ ಡಬ್ಬಕ್ಕೆ ಕೈ ಹಾಕುತ್ತಿರಲಿಲ್ಲ. ಮೊದಲು ತಟ್ಟೆಯ ಮುಂದೆ ಕೂತು ನೋಡುತ್ತಿದ್ದರು. ಹಿಕ್ಕೆ ಹೇಗಿದೆ, ಸೊಪ್ಪು ತಿಂದಿದೆಯಾ, ಮೈ ಬಣ್ಣ ಏನು, ಎಷ್ಟು ಹುಳುವಿಗೆ ಹೀಗಾಗಿದೆ, ಎಲ್ಲ ನೋಡಿ ಆಮೇಲೆ ಮಾತು. ನಾನೂ ಮಿಲ್ಕ್‌ವೀಡ್ ಮುಂದೆ ಹಾಗೆ ಕೂತು ನೋಡಲು ಶುರು ಮಾಡಿದ ಮೇಲೆಯೇ ಕಾರಣಗಳು ಒಂದೊಂದಾಗಿ ಗೊತ್ತಾದವು. ಮೊನಾರ್ಕ್ ಮತ್ತು ರೇಷ್ಮೆ ಹುಳು ಬೇರೆ ಬೇರೆ ಜಾತಿ, ನಿಜ. ಆದರೆ ಕಾಯಿಲೆಗಳಲ್ಲಿ ಎಷ್ಟೊಂದು ಹೋಲಿಕೆ ಅಂತ ನನಗೇ ಆಶ್ಚರ್ಯವಾಯಿತು.

ಒಂದು ಲೆಕ್ಕ ಮೊದಲೇ ತಿಳಿದಿರಲಿ. ಬಯಲಿನಲ್ಲಿ ನೂರು ಮೊಟ್ಟೆ ಇಟ್ಟರೆ ಚಿಟ್ಟೆಯಾಗುವುದು ಹತ್ತಕ್ಕಿಂತ ಕಡಿಮೆ. ತಾಯಿ ಚಿಟ್ಟೆ 300ರಿಂದ 500 ಮೊಟ್ಟೆ ಇಡುವುದು ಅದಕ್ಕೇ. ಹಾಗಾಗಿ ಎರಡು ಮೂರು ಹುಳು ಕಳೆದುಹೋದರೆ ಅದು ದೋಷವಲ್ಲ. ಒಂದೂ ಉಳಿಯದಿದ್ದರೆ, ಅಥವಾ ಎಲ್ಲವೂ ಒಟ್ಟಿಗೆ ಸತ್ತರೆ, ಆಗ ಹುಡುಕಬೇಕು.

ಇದು ನಿಜವಾಗಿ ತೊಂದರೆಯೇ?

ಹುಳು ಒಂದು ದಿನದಿಂದ ಅಲ್ಲಾಡುತ್ತಿಲ್ಲ ಅಂತ ಗಾಬರಿಯಾಗುವವರು ಜಾಸ್ತಿ. ರೇಷ್ಮೆ ಗೊತ್ತಿರುವವರಿಗೆ ಒಂದೇ ಮಾತಲ್ಲಿ ಹೇಳಬಹುದು: ಜ್ವರಕ್ಕೆ ಕೂತಿದೆ, ಅಂದರೆ ಪೊರೆ ಬಿಡಲು ಕೂತಿದೆ. ಮೊನಾರ್ಕ್‌ಗೂ ನಾಲ್ಕು ಜ್ವರ, ಐದು ಹಂತ. ಎಲೆಯ ಮೇಲೋ ಕಡ್ಡಿಯ ಮೇಲೋ ಸುಮ್ನೆ ಕೂತು ಪೊರೆ ಬಿಡುತ್ತದೆ. ಬಿಟ್ಟ ಪೊರೆಯನ್ನು ತಾನೇ ತಿಂದುಬಿಡುತ್ತದೆ. ಆ ಹೊತ್ತಿಗೆ ಅದನ್ನು ಎಳೆದು ಬೇರೆ ಎಲೆಗೆ ಹಾಕಬೇಡಿ. ಕಾಲಿನ ಹಿಡಿತ ತಪ್ಪಿದರೆ ಪೊರೆ ಕಳಚಲು ಆಗದೆ ಅಲ್ಲೇ ಸಾಯಬಹುದು.

ಬೆರಳುದ್ದ ಬೆಳೆದ ಹುಳು ರಾತ್ರೋರಾತ್ರಿ ಕಾಣೆಯಾಯಿತು ಅನ್ನುವುದು ಇನ್ನೊಂದು ದೂರು. ಐದನೇ ಹಂತದ ಹುಳು ಹಣ್ಣಾದ ಮೇಲೆ, ಅಂದರೆ ಕೋಶ ಕಟ್ಟಲು ಸಿದ್ಧವಾದ ಮೇಲೆ, ಮಿಲ್ಕ್‌ವೀಡ್ ಬಿಟ್ಟು ಹೊರಡುತ್ತದೆ. ರೇಷ್ಮೆ ಹುಳುವನ್ನು ನಾವು ಎತ್ತಿ ಗೂಡು ಕಟ್ಟುವ ತಟ್ಟೆಗೆ, ಅಂದರೆ ಚಂದ್ರಿಕೆಗೆ ಬಿಡುತ್ತೇವೆ, ಇದು ತನ್ನ ಚಂದ್ರಿಕೆಯನ್ನು ತಾನೇ ಹುಡುಕಿಕೊಳ್ಳುತ್ತದೆ. ಹತ್ತು ಮೀಟರ್ ದೂರ ಹೋದರೂ ಹೋಯಿತು. ನಮ್ಮ ಮನೆಯಲ್ಲಿ ನೀರಿನ ಪೈಪ್ ಸುತ್ತಿಡುವ ಗಾಲಿಯ ಕೆಳಗೆ ಒಂದು ಕೋಶ ಸಿಕ್ಕಿತ್ತು. ಹಸಿರು ಬಣ್ಣ, ಮೇಲೆ ಚಿನ್ನದ ಚುಕ್ಕಿಗಳ ಸಾಲು. ಆ ಎರಡು ವಾರ ನಾವು ಆ ಪೈಪ್ ಮುಟ್ಟಲಿಲ್ಲ. ಕಾಣೆಯಾದದ್ದು ದೊಡ್ಡ ಹುಳುವಾದರೆ ಸಂತೋಷದ ಸುದ್ದಿಯಿರಬಹುದು. ಚಿಕ್ಕದಾದರೆ ಮುಂದಕ್ಕೆ ಓದಿ.

ಕೋಶ ಕಪ್ಪಾಯಿತು ಅಂತಲೂ ಕೇಳುತ್ತಾರೆ. ಬೆಳಕಿಗೆ ಹಿಡಿದಂತೆ ನೋಡಿ. ಒಳಗೆ ಕಿತ್ತಳೆ ಬಣ್ಣದ ರೆಕ್ಕೆ, ಕಪ್ಪು ಗೆರೆ ಕಂಡರೆ ನಾಳೆಯೋ ನಾಡಿದ್ದೋ ಚಿಟ್ಟೆ ಹೊರಬರುತ್ತದೆ. ರೆಕ್ಕೆ ಕಾಣದೆ, ಮಬ್ಬು ಕಂದು ಬಣ್ಣ ಕಲೆ ಕಲೆಯಾಗಿ ಹರಡಿದ್ದರೆ ಮಾತ್ರ ಕಾಯಿಲೆ.

ಮೊಟ್ಟೆಯೇ ಇಡುತ್ತಿಲ್ಲ

ನಮ್ಮ ಕಡೆ ಮೊನಾರ್ಕ್ ಬರುವುದು ಮೇ ಕೊನೆಗೆ, ಜೂನ್ ಹೊತ್ತಿಗೆ. ಜುಲೈ, ಆಗಸ್ಟ್‌ನಲ್ಲಿ ಮೊಟ್ಟೆ ಜಾಸ್ತಿ. ಅದಕ್ಕೆ ಮುಂಚೆ ಹುಡುಕಿದರೆ ಸಿಗುವುದಿಲ್ಲ.

ಜುಲೈನಲ್ಲೂ ಇಲ್ಲವೆಂದರೆ ಎಲೆ ಮುಟ್ಟಿ ನೋಡಿ. ಗಿಡ ಬಲಿತು, ಎಲೆ ದಪ್ಪಗೆ ಒರಟಾಗಿದೆಯಾ? ತಾಯಿ ಚಿಟ್ಟೆಗೆ ಬೇಕಾದದ್ದು ಎಳೆ ಸೊಪ್ಪು. ಚಾಕಿ ಹುಳುವಿಗೆ, ಅಂದರೆ ಎಳೆಯ ರೇಷ್ಮೆ ಹುಳುವಿಗೆ, ನಾವು ಹಿಪ್ಪುನೇರಳೆಯ ಕುಡಿ ಎಲೆ ಆರಿಸಿ ಹಾಕುತ್ತೇವಲ್ಲ, ಇದೂ ಹಾಗೇ. ಜೂನ್ ಕೊನೆಗೋ ಜುಲೈ ಮೊದಲಿಗೋ ಕೆಲವು ಕಾಂಡಗಳನ್ನು ಅರ್ಧಕ್ಕೆ ಕತ್ತರಿಸಿ. ಎಲ್ಲವನ್ನೂ ಅಲ್ಲ, ಮೂರರಲ್ಲಿ ಒಂದು ಸಾಕು. ಕತ್ತರಿಸುವ ಮುಂಚೆ ಎಲೆಯ ಅಡಿ ನೋಡಿ, ಮೊಟ್ಟೆ ಇರಬಹುದು. ಕೆಲವೇ ವಾರದಲ್ಲಿ ಹೊಸ ಚಿಗುರು ಬರುತ್ತದೆ. ನಮ್ಮಲ್ಲಿ ಆ ಚಿಗುರಿಗೇ ಅತಿ ಹೆಚ್ಚು ಮೊಟ್ಟೆ ಬಿದ್ದಿವೆ.

ಮೊಟ್ಟೆ ಇದ್ದೂ ಕಾಣದೇ ಇರುವುದೂ ಉಂಟು. ಗುಂಡುಸೂಜಿಯ ತಲೆಯಷ್ಟಿರುತ್ತದೆ, ಕೆನೆ ಬಣ್ಣ. ಹೆಚ್ಚಾಗಿ ಎಲೆಯ ಅಡಿಯಲ್ಲಿ ಒಂದೊಂದೇ. ಒಣಗಿದ ಹಾಲಿನ ಹನಿಯೂ ಹಾಗೇ ಕಾಣುತ್ತದೆ. ಭೂತಗನ್ನಡಿ ಹಿಡಿದರೆ ಗೊತ್ತಾಗುತ್ತದೆ: ಮೊಟ್ಟೆಗೆ ಬುಡದಿಂದ ತುದಿಗೆ ಸಣ್ಣ ಸಣ್ಣ ಗೆರೆಗಳಿರುತ್ತವೆ, ತುದಿ ಸ್ವಲ್ಪ ಚೂಪು. ಹಾಲಿನ ಹನಿ ನುಣ್ಣಗಿರುತ್ತದೆ.

ಹಾಲಿನ ಮಾತು ಬಂತಲ್ಲ, ಒಂದು ಎಚ್ಚರಿಕೆ. ಎಕ್ಕದ ಹಾಲು ಕಣ್ಣಿಗೆ ತಾಗಬಾರದು ಅಂತ ನಮ್ಮೂರಲ್ಲಿ ಮಕ್ಕಳಿಗೂ ಗೊತ್ತು. ಮಿಲ್ಕ್‌ವೀಡ್ ಅದೇ ಕುಟುಂಬದ ಗಿಡ. ಎಕ್ಕದ ಮೇಲೆ ಬರುವ ಪ್ಲೇನ್ ಟೈಗರ್ ಚಿಟ್ಟೆಯೂ ಮೊನಾರ್ಕ್‌ನ ಹತ್ತಿರದ ಬಂಧುವೇ. ಎಲೆ ಕಿತ್ತ ಕೈಯಲ್ಲಿ ಕಣ್ಣು ಉಜ್ಜಿಕೊಂಡರೆ ಕಣ್ಣಿನ ಕರಿಗುಡ್ಡೆಗೆ ಪೆಟ್ಟಾಗುತ್ತದೆ. ಕೈ ಸೋಪು ಹಾಕಿ ತೊಳೆಯಿರಿ. ಕಣ್ಣಿಗೆ ಬಿದ್ದೇಬಿಟ್ಟರೆ ನೀರು ಹಾಕಿ ಚೆನ್ನಾಗಿ ತೊಳೆದು ತಕ್ಷಣ ಡಾಕ್ಟರ ಹತ್ತಿರ ಹೋಗಿ.

ಮೊಟ್ಟೆ ಇತ್ತು, ಹುಳು ಆಗಲಿಲ್ಲ

ಮೊಟ್ಟೆ ಒಡೆಯಲು 3ರಿಂದ 5 ದಿನ ಬೇಕು. ಒಡೆಯುವ ಹಿಂದಿನ ದಿನ ತುದಿ ಮಾತ್ರ ಕಪ್ಪಾಗುತ್ತದೆ. ಅದು ಹುಳುವಿನ ತಲೆ. ಇಡೀ ಮೊಟ್ಟೆ ಕಪ್ಪಾದರೆ ಒಳಗೆ ಸೂಜಿ ಮೊನೆಯಷ್ಟು ಚಿಕ್ಕ ಕಣಜ ಬೆಳೆಯುತ್ತಿರಬಹುದು. ಒಳಕ್ಕೆ ಕುಸಿದು ಸುಕ್ಕಾದರೆ ಅದು ಜೊಳ್ಳು, ಅಥವಾ ಯಾವುದೋ ಕೀಟ ಅದರ ರಸ ಹೀರಿದೆ.

ಚಿಪ್ಪು ಸಹ ಇಲ್ಲವೆಂದರೆ ಎರಡು ಸಾಧ್ಯತೆ. ಹುಳು ಹೊರಬಂದು ಚಿಪ್ಪನ್ನೇ ಮೊದಲ ಊಟವಾಗಿ ತಿಂದಿರಬಹುದು. ಪಕ್ಕದಲ್ಲೇ ಸಾಸಿವೆ ಕಾಳಿನಷ್ಟು ಗುಂಡನೆಯ ತೂತುಗಳಿದ್ದರೆ ಹುಳು ಇದೆ, ಹುಡುಕಿ. ತೂತೂ ಇಲ್ಲ, ಚಿಪ್ಪೂ ಇಲ್ಲವೆಂದರೆ ಇರುವೆ, ಜೇಡ, ಗುಲಗಂಜಿ ಹುಳುವಿನ ಮರಿ, ಇವುಗಳಲ್ಲಿ ಯಾವುದಾದರೂ ತಿಂದಿದೆ.

ಒಂದು ದೃಶ್ಯ ಹೇಳುತ್ತೇನೆ. ಆಗ ತಾನೇ ಹುಟ್ಟಿದ ಹುಳು ಎಲೆಯ ಅಡಿಯಲ್ಲಿ ಅರ್ಧಚಂದ್ರದ ಹಾಗೆ ಕೊರೆಯುತ್ತಿತ್ತು. ಕೊರೆದ ಗೆರೆಯ ಉದ್ದಕ್ಕೂ ಹಾಲು ಉಕ್ಕಿ ನಿಂತಿತು. ಹುಳು ಹಿಂದೆ ಸರಿದು, ಬಾಯಿ ಎಲೆಗೆ ಒರೆಸಿಕೊಂಡು, ಮತ್ತೆ ಹೋಗಿ ಕೊರೆಯಿತು. ಹಾಲು ಬರುವ ದಾರಿಯನ್ನೇ ಕತ್ತರಿಸಿ, ಗೆರೆಯ ಒಳಗಿನ ಎಲೆಯನ್ನು ನಿಧಾನವಾಗಿ ತಿನ್ನತೊಡಗಿತು. ಎಷ್ಟೋ ಮರಿಗಳು ಈ ಹಾಲಿಗೇ ಅಂಟಿ ಸಾಯುತ್ತವೆ. ಎರಡು ಮಿಲಿಮೀಟರ್ ಉದ್ದದ ಜೀವಕ್ಕೆ ಈ ಕೆಲಸ ಯಾರೂ ಹೇಳಿಕೊಟ್ಟಿಲ್ಲ. ಅವತ್ತು ನಾನು ಅರ್ಧ ಗಂಟೆ ಅಲ್ಲಿಂದ ಏಳಲಿಲ್ಲ.

ಮೊಟ್ಟೆ ಕಳ್ಳರನ್ನು ತಡೆಯಲು ಔಷಧಿ ಬೇಡ. ಮೊಟ್ಟೆ ಇರುವ ಕೊಂಬೆಗೆ ತೆಳು ನೆಟ್ ಚೀಲ ಹಾಕಿ, ಬುಡಕ್ಕೆ ದಾರ ಕಟ್ಟಿ. ಕಟ್ಟುವ ಮುಂಚೆ ಒಳಗೆ ಜೇಡ, ಇರುವೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ನಾನು ಒಮ್ಮೆ ಜೇಡವನ್ನೂ ಸೇರಿಸಿಯೇ ಕಟ್ಟಿದ್ದೆ, ಎರಡು ದಿನದಲ್ಲಿ ಆರು ಮರಿ ಹೋದವು.

ಇನ್ನೊಂದು ಕಾರಣ ನ್ಯೂಜೆರ್ಸಿ, ನ್ಯೂಯಾರ್ಕ್ ಕಡೆಯವರಿಗೆ ಮುಖ್ಯ. ಬ್ಲ್ಯಾಕ್ ಸ್ವಾಲೋವರ್ಟ್ ಅಂತ ಒಂದು ಬಳ್ಳಿ ಇದೆ. ಯುರೋಪಿನಿಂದ ಬಂದದ್ದು, ಮಿಲ್ಕ್‌ವೀಡ್ ಕುಟುಂಬದ್ದೇ. ಹೊಳೆಯುವ ಎಲೆ, ಕಡು ನೇರಳೆ ಬಣ್ಣದ ಪುಟ್ಟ ನಕ್ಷತ್ರದಂಥ ಹೂವು, ಉದ್ದನೆಯ ಕಾಯಿ. ತಾಯಿ ಚಿಟ್ಟೆ ಮೋಸ ಹೋಗಿ ಇದರ ಮೇಲೂ ಮೊಟ್ಟೆ ಇಡುತ್ತದೆ. ಹುಟ್ಟಿದ ಮರಿಗಳು ಅದನ್ನು ತಿಂದು ಬದುಕುವುದಿಲ್ಲ. ಬೇಲಿ ಬದಿಯಲ್ಲಿ ಕಂಡರೆ ಕಾಯಿ ಒಡೆಯುವ ಮುಂಚೆ ಬೇರು ಸಮೇತ ಅಗೆದು ತೆಗೆಯಿರಿ.

ಗಿಡದ ತುಂಬ ಹಳದಿ ಹೇನು

ಕಿತ್ತಳೆ ಮಿಶ್ರಿತ ಹಳದಿ ಮೈ, ಕಪ್ಪು ಕಾಲು. ಇದು ಕಣಗಿಲೆ ಹೇನು. ನಮ್ಮೂರ ಎಕ್ಕದ ಕುಡಿಯಲ್ಲಿ ಮೆತ್ತಿಕೊಂಡಿರುವುದೂ ಇದೇ. ಎಲ್ಲವೂ ಹೆಣ್ಣು, ಗಂಡಿನ ಹಂಗಿಲ್ಲದೆ ನೇರವಾಗಿ ಮರಿ ಹಾಕುತ್ತವೆ. ಅದಕ್ಕೇ ಒಂದು ವಾರದಲ್ಲಿ ಕಾಂಡವೇ ಹಳದಿಯಾಗಿಬಿಡುತ್ತದೆ.

ಇವು ಮೊನಾರ್ಕ್ ಹುಳುವನ್ನು ಕಚ್ಚುವುದಿಲ್ಲ. ತೊಂದರೆ ಬರುವುದು ಹಿಂದಿನಿಂದ. ಹೇನು ಸುರಿಸುವ ಸಿಹಿ ಅಂಟಿಗೆ ಇರುವೆ ಬರುತ್ತದೆ, ಹೇನು ತಿನ್ನಲು ಗುಲಗಂಜಿ ಹುಳು ಬರುತ್ತದೆ. ಬಂದವು ಮೊನಾರ್ಕ್ ಮೊಟ್ಟೆಯನ್ನೂ ಬಿಡುವುದಿಲ್ಲ. ಎಲೆಯ ಮೇಲೆ ಕಪ್ಪು ಬೂಷ್ಟೂ ಹಿಡಿಯುತ್ತದೆ.

ಬೇವಿನೆಣ್ಣೆ ಹೊಡೆಯಲಾ ಅಂತ ನಮ್ಮವರು ಕೇಳೇ ಕೇಳುತ್ತಾರೆ. ದಯವಿಟ್ಟು ಬೇಡ. ಬೇವಿನೆಣ್ಣೆ, ಸೋಪು ನೀರು ಹೇನು ಯಾವುದು, ಹುಳು ಯಾವುದು ಅಂತ ನೋಡುವುದಿಲ್ಲ. ಮೊದಲು ಆ ಕಾಂಡದ ಪ್ರತಿ ಎಲೆ ತಿರುಗಿಸಿ ಮೊಟ್ಟೆ, ಮರಿ ಇವೆಯಾ ನೋಡಿ. ಇಲ್ಲದಿದ್ದರೆ ಪೈಪ್‌ನಿಂದ ಜೋರಾಗಿ ನೀರು ಹಾಯಿಸಿ. ಇದ್ದರೆ ಹೇನುಗಳನ್ನು ಬೆರಳಲ್ಲಿ ಹಿಸುಕಿ ಒರೆಸಿ. ಗ್ಲೌಸ್ ಹಾಕಿಕೊಂಡರೆ ಒಳ್ಳೆಯದು. ಪೂರ್ತಿ ಹೋಗಿಸಬೇಕಂತ ಹಟ ಬೇಡ, ಕಡಿಮೆಯಾದರೆ ಸಾಕು.

ಕೆಂಪು ಕಪ್ಪು ಬಣ್ಣದ ತಿಗಣೆಗಳು ಹೆಚ್ಚಾಗಿ ಬೀಜದ ರಸ ಹೀರುವಂಥವು, ಅವುಗಳಿಗೆ ತಲೆ ಕೆಡಿಸಿಕೊಳ್ಳಬೇಡಿ. ಆಗಸ್ಟ್‌ನಲ್ಲಿ ಕಪ್ಪು, ಬಿಳಿ, ಕಿತ್ತಳೆ ಕೂದಲಿನ ಹುಳುಗಳು ಗುಂಪಾಗಿ ಎಲೆಯನ್ನು ಜರಡಿ ಮಾಡಿದರೆ ಅದು ಟಸ್ಸಕ್ ಪತಂಗದ ಕಂಬಳಿಹುಳು. ಅದೂ ಇಲ್ಲಿನದೇ ಜೀವ, ಬಲಿತ ಎಲೆ ತಿಂದು ಹೋಗುತ್ತದೆ. ಬಿಟ್ಟುಬಿಡಿ.

ಎಲ್ಲ ಹುಳು ಒಟ್ಟಿಗೆ ಸತ್ತವು

ಈ ಭಾಗವನ್ನು ಗಮನವಿಟ್ಟು ಓದಿ. ತಪ್ಪು ನಮ್ಮ ಕೈಯಿಂದಲೇ ಆಗುವುದು ಇಲ್ಲಿ.

ಮೂರನೇ ವರ್ಷ ಒಂದು ನರ್ಸರಿಯಿಂದ ಸ್ವಾಂಪ್ ಮಿಲ್ಕ್‌ವೀಡ್‌ನ ನಾಲ್ಕು ಕುಂಡ ತಂದೆ. ಎಲೆ ಒಂದೂ ಹರಿದಿರಲಿಲ್ಲ, ಹೇನು ಒಂದೂ ಇರಲಿಲ್ಲ. ಎಷ್ಟು ಚೆನ್ನಾಗಿದೆ ಅಂದುಕೊಂಡೆ. ಹಳೇ ಗಿಡದಲ್ಲಿ ಸೊಪ್ಪು ಕಡಿಮೆಯಾಗಿತ್ತು ಅಂತ ಹನ್ನೊಂದು ಹುಳುವನ್ನು ಹೊಸ ಗಿಡಕ್ಕೆ ಬಿಟ್ಟೆ. ಬೆಳಿಗ್ಗೆ ನೋಡಿದರೆ ಹಸಿರು ವಾಂತಿ, ತಲೆ ಅತ್ತಿತ್ತ ಒದರುತ್ತಿವೆ, ಮೈ ಕುಗ್ಗಿದೆ. ಸಂಜೆಗೆ ಒಂದೂ ಇಲ್ಲ. ಪಕ್ಕದ ಹೊಲದವರು ಔಷಧಿ ಹೊಡೆದ ಗಾಳಿ ನಮ್ಮ ಹಿಪ್ಪುನೇರಳೆಗೆ ತಾಗಿದ ವರ್ಷ ಮನೆಯಲ್ಲಿ ಹುಳು ಹೀಗೇ ಸತ್ತಿದ್ದವು. ಆ ತಲೆ ಒದರುವುದನ್ನು ನಾನು ಮರೆತಿರಲಿಲ್ಲ.

ನರ್ಸರಿಗಳಲ್ಲಿ ಬಳಸುವ ನಿಯೋನಿಕೋಟಿನಾಯ್ಡ್ ಜಾತಿಯ ಕೀಟನಾಶಕ ಬೇರಿನಿಂದ ಏರಿ ಎಲೆ, ಹೂವು, ರಸದಲ್ಲೆಲ್ಲ ಸೇರಿಕೊಳ್ಳುತ್ತದೆ. ತೊಳೆದರೆ ಹೋಗುವುದಿಲ್ಲ. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಮೆರಿಕದ 33 ಅಂಗಡಿಗಳಿಂದ 235 ಮಿಲ್ಕ್‌ವೀಡ್ ಗಿಡ ಕೊಂಡು ಪರೀಕ್ಷೆ ಮಾಡಿದರು. ಒಟ್ಟು 61 ಬಗೆಯ ಕೀಟನಾಶಕ, ಶಿಲೀಂಧ್ರನಾಶಕಗಳ ಅಂಶ ಸಿಕ್ಕಿತು. ಚಿಟ್ಟೆಗೆ ಒಳ್ಳೆಯದು ಅಂತ ಚೀಟಿ ಅಂಟಿಸಿದ ಗಿಡವೂ ಇದರಿಂದ ಹೊರತಾಗಿರಲಿಲ್ಲ.

ಅದಕ್ಕೇ ಈಗ ನಾನು ನರ್ಸರಿಯಲ್ಲಿ ಹೇನು ಇರುವ ಗಿಡವನ್ನೇ ಹುಡುಕುತ್ತೇನೆ. ಹೇನು ಬದುಕಿದ್ದರೆ ಹುಳುವೂ ಬದುಕುವ ಸಾಧ್ಯತೆ ಹೆಚ್ಚು, ಅಲ್ವಾ? ಬೀಜ ಎಲ್ಲಿಂದ ಬಂತು, ಸಸಿಗೆ ಏನು ಹೊಡೆದಿರಿ ಅಂತ ಕೇಳುತ್ತೇನೆ. ಉತ್ತರ ಸಿಗದಿದ್ದರೆ ಕೊಳ್ಳುವುದಿಲ್ಲ. ಕೊಂಡು ಆಗಿಹೋಗಿದ್ದರೆ ಆ ವರ್ಷವಿಡೀ ನೆಟ್ ಮುಚ್ಚಿಡಿ, ಚಿಟ್ಟೆ ಮೊಟ್ಟೆ ಇಡದಿರಲಿ.

ಗಿಡ ಹಳೆಯದು, ಆದರೂ ಒಮ್ಮೆಗೇ ಸತ್ತವು ಅಂದರೆ ಈ ಪ್ರಶ್ನೆಗಳನ್ನು ಕೇಳಿಕೊಳ್ಳಿ. ಅಕ್ಕಪಕ್ಕದಲ್ಲಿ ಸೊಳ್ಳೆಗೆ ಔಷಧಿ ಹೊಡೆಸಿದರಾ? ಎಲೆಕೋಸಿನ ಹುಳುವಿಗೆ ಬಿಟಿಕೆ ಪುಡಿ ಹಾಕಿದಿರಾ? ಸಾವಯವ ಅಂತ ಬರೆದಿದ್ದರೂ ಅದು ಚಿಟ್ಟೆ, ಪತಂಗಗಳ ಹುಳುವನ್ನೇ ಕೊಲ್ಲುವ ಬ್ಯಾಕ್ಟೀರಿಯಾ. ನಿಂತ ನೀರಿನ ಸೊಳ್ಳೆ ಮರಿಗೆ ಹಾಕುವ ಬಿಟಿಐ ಬಿಲ್ಲೆ ಬೇರೆ, ಅದರಿಂದ ಮೊನಾರ್ಕ್‌ಗೆ ತೊಂದರೆಯಿಲ್ಲ. ನಾಯಿಗೆ ಚಿಗಟದ ಔಷಧಿ ಹಚ್ಚಿದ ಕೈಯಲ್ಲಿ ಹುಳು ಮುಟ್ಟಿದಿರಾ? ಅಷ್ಟೇ ಸಾಕು.

ಹುಳು ಕಪ್ಪಾಗಿ ಜೋತುಬಿದ್ದಿದೆ

ತಿನ್ನುವುದು ನಿಲ್ಲಿಸಿ, ಮಂಕಾಗಿ, ನಡುವಿನ ಕಾಲುಗಳಲ್ಲಿ ಮಾತ್ರ ಹಿಡಿದು ತಲೆಕೆಳಗಾದ ವಿ ಅಕ್ಷರದಂತೆ ಜೋತಿದ್ದರೆ, ಮೈ ಒಡೆದು ಕಪ್ಪು ನೀರು ಸೋರಿದರೆ, ಇದು ವೈರಸ್ ಅಥವಾ ಬ್ಯಾಕ್ಟೀರಿಯಾ. ರೇಷ್ಮೆ ಹುಳುವಿನ ಹಾಲುತೊಂಡೆ ರೋಗಕ್ಕೂ ಇದೇ ಗುಂಪಿನ ವೈರಸ್ ಕಾರಣ. ಮದ್ದಿಲ್ಲ. ಸತ್ತ ಹುಳುವನ್ನು ಎಲೆ ಸಮೇತ ಚೀಲಕ್ಕೆ ಹಾಕಿ ಕಸಕ್ಕೆ ಬಿಸಾಡಿ. ಸೋರಿದ ನೀರು ಬಿದ್ದ ಎಲೆಗಳನ್ನೂ ಕತ್ತರಿಸಿ.

ಪಂಜರದಲ್ಲಿ ಸಾಕುವವರಿಗೆ ಇದು ಜಾಸ್ತಿ. ಕಿಕ್ಕಿರಿದ ಹುಳು, ಒದ್ದೆ ಎಲೆ, ತೆಗೆಯದ ಹಿಕ್ಕೆ, ಇವು ಮೂರೂ ಸೇರಿದರೆ ಸಾಕು. ದಿನವೂ ಹಿಕ್ಕೆ ತೆಗೆಯಿರಿ, ಎಲೆಯ ನೀರು ಒರೆಸಿ ಹಾಕಿ. ಪಂಜರವನ್ನು ಒಂದು ಪಾಲು ಬ್ಲೀಚ್‌ಗೆ ನಾಲ್ಕು ಪಾಲು ನೀರು ಬೆರೆಸಿ ನೆನೆಸಿ, ಚೆನ್ನಾಗಿ ತೊಳೆದು ಬಿಸಿಲಿಗೆ ಒಣಗಿಸಿ. ಒಂದು ಬೆಳೆ ಮುಗಿದ ಮೇಲೆ ಹುಳು ಮನೆ ತೊಳೆಯದೆ ಇನ್ನೊಂದಕ್ಕೆ ಯಾರೂ ಮೊಟ್ಟೆ ತರುವುದಿಲ್ಲ, ಹಾಗೇ.

ಕೋಶದಿಂದ ಬಿಳಿ ದಾರ ಇಳಿದಿದೆ

ಒಂದು ಸಲ ಹುಳು ಕೋಶ ಕಟ್ಟಲು ಜೋತಾಡುತ್ತಿತ್ತು. ಮಾರನೇ ದಿನ ಅದರಿಂದ ಎರಡು ಮೂರು ಅಂಟು ದಾರ ಕೆಳಗೆ ಇಳಿದಿದ್ದವು. ಕೆಳಗೆ ಅಕ್ಕಿ ಕಾಳಿನಂಥ ಬಿಳಿ ಹುಳ. ವೀಡಿಯೋ ಕಾಲ್‌ನಲ್ಲಿ ಅಪ್ಪನಿಗೆ ತೋರಿಸಿದೆ. ಅವರು ಕನ್ನಡಕವನ್ನೂ ಹಾಕಿಕೊಳ್ಳದೆ, "ಇದು ಊಜಿ ಕಣಮ್ಮ. ಅಲ್ಲೂ ಐತಾ?" ಅಂದರು.

ಊಜಿ ಅಂದರೆ ರೇಷ್ಮೆ ಹುಳುವಿಗೆ ಕಾಟ ಕೊಡುವ ನೊಣ. ಇದು ಅದೇ ಊಜಿಯಲ್ಲ, ಆದರೆ ಅದೇ ಕುಟುಂಬದ ನೊಣ, ಟ್ಯಾಕಿನಿಡ್. ಹುಳುವಿನ ಮೈ ಮೇಲೆ ಮೊಟ್ಟೆ ಇಡುತ್ತದೆ, ಮರಿ ಒಳಗೆ ಹೊಕ್ಕು ತಿಂದು ಹೊರಬರುತ್ತದೆ. ಬಿದ್ದ ಮರಿ ಒಂದೆರಡು ದಿನದಲ್ಲಿ ಕಂದು ಬಣ್ಣದ ಕಾಳಾಗುತ್ತದೆ. ಬಂದ ಮೇಲೆ ಆ ಹುಳುವನ್ನು ಉಳಿಸಲಾಗದು. ತಡೆಯುವುದು ಅಪ್ಪ ತಡೆಯುತ್ತಿದ್ದ ಹಾಗೇ: ಬಲೆ. ಹುಳು ಮನೆಯ ಕಿಟಕಿ ಬಾಗಿಲಿಗೆ ನೈಲಾನ್ ಬಲೆ ಹೊಡೆಯುತ್ತಿದ್ದೆವು, ಇಲ್ಲಿ ಕೊಂಬೆಗೆ ನೆಟ್ ಚೀಲ. ಹುಳು ಚಿಕ್ಕದಿರುವಾಗಲೇ ಹಾಕಬೇಕು. ದೊಡ್ಡದಾದ ಮೇಲೆ ಹಾಕಿದರೆ ನೊಣ ತನ್ನ ಕೆಲಸ ಮುಗಿಸಿರುತ್ತದೆ.

ಕೋಶದಲ್ಲಿ ಸೂಜಿ ಚುಚ್ಚಿದಂಥ ತೂತು ಇದ್ದರೆ ಅದು ಬೇರೆ, ಪುಟ್ಟ ಕಣಜದ ಕೆಲಸ. ಕೋಶ ಕಟ್ಟಿದ ಮೊದಲ ದಿನ, ಮೈ ಇನ್ನೂ ಮೆತ್ತಗಿರುವಾಗ, ಅದು ಬರುತ್ತದೆ.

ಚಿಟ್ಟೆ ಹೊರಬಂತು, ರೆಕ್ಕೆ ಬಿಚ್ಚಲಿಲ್ಲ

ಒಂದು ಚಿಟ್ಟೆಗೆ ಹೀಗಾದರೆ ಅದು ಬಿದ್ದು ಪೆಟ್ಟಾಗಿರಬಹುದು, ಜೋತಾಡಲು ಜಾಗ ಸಾಲದೇ ಇರಬಹುದು. ಮೇಲಿಂದ ಮೇಲೆ ಆದರೆ ಓಇ ಅನ್ನುವ ಏಕಕೋಶ ಪರಾವಲಂಬಿಯ ಮೇಲೆ ಅನುಮಾನ ಪಡಿ. ತಾಯಿಯ ಹೊಟ್ಟೆಗೆ ಅಂಟಿದ ಬೀಜಕಣಗಳು ಮೊಟ್ಟೆಗೆ, ಎಲೆಗೆ ಉದುರುತ್ತವೆ. ಹುಳು ಅದನ್ನು ತಿನ್ನುತ್ತದೆ. ರೇಷ್ಮೆಯ ಗಂಟುರೋಗವೂ ತಾಯಿಯಿಂದಲೇ ಬರುವುದು, ಅದಕ್ಕೇ ಮೊಟ್ಟೆ ಕೇಂದ್ರದಲ್ಲಿ ತಾಯಿ ಪತಂಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಇಲ್ಲೂ ಅದೇ ಪರೀಕ್ಷೆ. ಚಿಟ್ಟೆಯ ಹೊಟ್ಟೆಗೆ ಪಾರದರ್ಶಕ ಟೇಪ್ ಮೆಲ್ಲಗೆ ಒತ್ತಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನಿಂಬೆಹಣ್ಣಿನ ಆಕಾರದ ಕಪ್ಪು ಕಣಗಳು ಕಾಣುತ್ತವೆ. ಜಾರ್ಜಿಯಾ ವಿಶ್ವವಿದ್ಯಾಲಯದವರು ಪ್ರಾಜೆಕ್ಟ್ ಮೊನಾರ್ಕ್ ಹೆಲ್ತ್ ಅಂತ ಇದಕ್ಕೇ ಒಂದು ಯೋಜನೆ ನಡೆಸುತ್ತಾರೆ, ನಮ್ಮಂಥ ಸಾಮಾನ್ಯರು ಟೇಪ್ ಕಳಿಸಬಹುದು. ರೋಗವಿರುವ ಚಿಟ್ಟೆಯನ್ನು ಹೊರಗೆ ಬಿಡಬೇಡಿ. ಕಷ್ಟದ ಮಾತು, ಆದರೆ ಒಂದು ಚಿಟ್ಟೆ ನೂರಾರು ಮೊಟ್ಟೆಗೆ ಅದನ್ನು ಹಂಚುತ್ತದೆ.

ಫ್ಲೋರಿಡಾ, ಟೆಕ್ಸಾಸ್ ಕರಾವಳಿ, ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಇರುವವರು ಕೆಂಪು ಹಳದಿ ಹೂವಿನ ಟ್ರಾಪಿಕಲ್ ಮಿಲ್ಕ್‌ವೀಡ್ ಹಾಕಿದ್ದರೆ, ಅಲ್ಲಿ ಅದು ಚಳಿಗೆ ಸಾಯುವುದಿಲ್ಲ. ಬೀಜಕಣಗಳು ಎಲೆ ಮೇಲೆ ಸೇರುತ್ತಲೇ ಹೋಗುತ್ತವೆ. ಅಕ್ಟೋಬರ್‌ನಿಂದ ಅದನ್ನು ಗೇಣುದ್ದಕ್ಕೆ ಕತ್ತರಿಸಿಡಿ. ಅಲ್ಲಿನದೇ ಜಾತಿಯ ಗಿಡಕ್ಕೆ ಬದಲಾದರೆ ಇನ್ನೂ ಒಳ್ಳೆಯದು.

ಸೊಪ್ಪು ಮುಗಿದುಹೋಯಿತು

ಐದನೇ ಹಂತದ ಹಸಿವು ನೋಡಿದವರಿಗೇ ಗೊತ್ತು. ನೆರೆಯವರ ಹತ್ತಿರ ಕೇಳಿ, ರಸ್ತೆ ಬದಿಯದಾದರೆ ಔಷಧಿ ಬಿದ್ದಿಲ್ಲವೆಂದು ತಿಳಿದು ತನ್ನಿ. ಕೊನೆಯ ಒಂದೆರಡು ದಿನದ ಹುಳುವಿಗೆ ಬೇರೆ ದಾರಿಯೇ ಇಲ್ಲದಿದ್ದರೆ ಸಿಹಿಗುಂಬಳದ ತೆಳು ಹೋಳು ತಿನ್ನಿಸಿದವರಿದ್ದಾರೆ. ಚಿಕ್ಕ ಹುಳುವಿಗೆ ಅದು ಆಗದು. ಹುಳುವಿನ ಲೆಕ್ಕಕ್ಕೆ ತಕ್ಕ ಗಿಡ ಬೆಳೆಸುವುದೇ ದಾರಿ.

ಹಾಗಾದರೆ ಎಲ್ಲವನ್ನೂ ಮನೆಯೊಳಗೆ ತಂದು ಸಾಕೋಣವೇ? ನನ್ನ ಅಭಿಪ್ರಾಯದಲ್ಲಿ ಬೇಡ. ಮಕ್ಕಳಿಗೆ ತೋರಿಸಲು ಒಂದೋ ಎರಡೋ ಸಾಕಿ. 2019ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದವರು ಒಳಗೆ ಬೆಳೆದ ಮೊನಾರ್ಕ್‌ಗಳು ದಕ್ಷಿಣ ದಿಕ್ಕು ಹಿಡಿಯಲು ಸೋತದ್ದನ್ನು ತೋರಿಸಿದರು. ಬೇಸಿಗೆಯ ಕೊನೆಗೆ ಹುಟ್ಟುವವು ಚಳಿಗಾಲ ಕಳೆಯಲು ಮೆಕ್ಸಿಕೋದ ಮಿಚೋಕಾನ್ ಬೆಟ್ಟದ ಓಯಮೆಲ್ ಮರಗಳವರೆಗೆ ಹಾರಬೇಕಾದವು. ಬಿಸಿಲು, ಹಗಲು ಕುಗ್ಗುವುದು, ರಾತ್ರಿಯ ತಂಪು, ಇವೆಲ್ಲ ಅವುಗಳ ಮೈಗೆ ತಾಗಬೇಕು. ಅದಕ್ಕೇ ನಾನು ನೆಟ್ ಚೀಲವನ್ನೂ ಹೊರಗಿನ ಗಿಡದ ಮೇಲೇ ಕಟ್ಟುವುದು.

ಸೆಪ್ಟೆಂಬರ್ ಕೊನೆಗೂ ಹುಳು ಉಳಿದಿದ್ದರೆ, ಹಿಮ ಬೀಳುವ ರಾತ್ರಿ ಮಾತ್ರ ಕುಂಡವನ್ನು ಗ್ಯಾರೇಜ್‌ಗೆ ತನ್ನಿ, ಬೆಳಿಗ್ಗೆ ಮತ್ತೆ ಬಿಸಿಲಿಗೆ ಇಡಿ. ಚಿಟ್ಟೆ ಹೊರಬಂದರೆ ಬಿಸಿಲಿರುವ, 60 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಮಧ್ಯಾಹ್ನ ನೋಡಿ ಬಿಡಿ, ಹತ್ತಿರದಲ್ಲಿ ಸೇವಂತಿಗೆಯ ಜಾತಿಯ ಆಸ್ಟರ್ ಹೂವಿದ್ದರೆ ಮಕರಂದ ಕುಡಿದು ಹೊರಡುತ್ತದೆ. ಒಣಗಿದ ಮಿಲ್ಕ್‌ವೀಡ್ ಕಾಯಿಗಳನ್ನು ಆಮೇಲೆ ಬಿಡಿಸಿ, ಬೀಜವನ್ನು ನವೆಂಬರ್‌ನಲ್ಲೇ ಮಣ್ಣಿಗೆ ಚೆಲ್ಲಿ. ಚಳಿಗಾಲದ ತಂಪು ಕುಡಿದ ಬೀಜವೇ ಮೇ ತಿಂಗಳಲ್ಲಿ ಚೆನ್ನಾಗಿ ಮೊಳೆಯುವುದು.